ಅಪ್ಪ ಬರೆಯದೆ ಹೋದ ಹನಿ

ಸತ್ತವರು ಬಂದು ಮಾತಾಡಿಸಿದರು ಎಂದು ಯಾರಾದರೂ ಹೇಳಿದರೆ ನಾನು ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ನನ್ನದು ಅಂಕಿಗಳ ಕೆಲಸ. ಅಳತೆಗೆ ಸಿಗದ್ದನ್ನು ನಂಬುವ ಅಭ್ಯಾಸವೇ ಇರಲಿಲ್ಲ. ಈಗ ನೀವು ನಕ್ಕರೆ ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಬಳ್ಳಾರಿಯ ನಮ್ಮ ಆಫೀಸಿನಲ್ಲಿ ಹಳೆಯ ಮಳೆ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸಿ, ವಿಆರ್ ಕನ್ನಡಕದಲ್ಲಿ ನೋಡುವಂತೆ ಮಾಡುತ್ತೇವೆ. ಕನ್ನಡಕ ಹಾಕಿಕೊಂಡು ತಾರೀಖು ಆರಿಸಿದರೆ ಸಾಕು, ಸಿರುಗುಪ್ಪದ ಗದ್ದೆಗಳ ಮೇಲೋ ಕುರುಗೋಡಿನ ಗುಡ್ಡದ ಮೇಲೋ ಅಂದು ಬಿದ್ದಷ್ಟೇ ಮಳೆ ಕಣ್ಣೆದುರು ಬೀಳುತ್ತದೆ. ಸದ್ದು ಮಾತ್ರ ಇರುವುದಿಲ್ಲ.

ಕುರುಗೋಡಿನ ರಿಜಿಸ್ಟರು ಬರೆದವರು ನಮ್ಮಪ್ಪ. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಮುಂದೆ ಹಾಜರ್. ಅಳೆಯಲಾಗದಷ್ಟು ತುಂತುರು ಬಿದ್ದರೂ ಸೊನ್ನೆ ಹಾಕುತ್ತಿರಲಿಲ್ಲ, 'ಹನಿ' ಎಂದು ಬರೆಯುತ್ತಿದ್ದರು. "ಬಿದ್ದದ್ದನ್ನ ಬಿದ್ದಿಲ್ಲ ಅನ್ನಾಕ ನಾವ್ಯಾರಲೇ?" ಎನ್ನುತ್ತಿದ್ದರು. ಅವರು ತೀರಿಕೊಂಡ ದಿನದ ಸಾಲೊಂದೇ ಖಾಲಿ. ಅಂದು ನಾನು ಬಳ್ಳಾರಿಯಿಂದ ಹೋಗಿ ಮುಟ್ಟುವಷ್ಟರಲ್ಲಿ ಅಪ್ಪನ ಮಾತು ನಿಂತಿತ್ತು. ಕಂಪ್ಯೂಟರಿಗೆ ಏರಿಸುವಾಗಲೂ ಆ ಸಾಲನ್ನು ಖಾಲಿಯೇ ಬಿಟ್ಟೆ.

ಮೂರು ವರ್ಷದ ಕೆಳಗೆ, ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ ಕನ್ನಡಕ ಹಾಕಿಕೊಂಡು ಆ ತಾರೀಖಿಗೆ ಹೋದೆ. ಅಲ್ಲಿ ನೋಡಲು ಏನೂ ಇಲ್ಲವೆಂದು ಗೊತ್ತಿತ್ತು. ಅಪ್ಪ ಇದ್ದ ಕೊನೆಯ ದಿನವಲ್ಲವೇ, ಸುಮ್ಮನೆ ನಿಂತು ಬರೋಣ ಎನಿಸಿತ್ತು. ಸಿರುಗುಪ್ಪದ ಕಡೆ ಒಣ ಬಿಸಿಲು. ಕುರುಗೋಡಿನ ಮೇಲೆ ಸಣ್ಣಗೆ ಹನಿ ಬೀಳುತ್ತಿತ್ತು. ಬಲಗಿವಿಯ ಹತ್ತಿರವೇ ಅಪ್ಪನ ದನಿ: "ಹನಿ ಐತಲೇ, ಬರ್ಕೋ."

ಕನ್ನಡಕ ಕಿತ್ತೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಫೈಲು ತೆರೆದರೆ ಆ ಸಾಲು ಖಾಲಿಯೇ ಇತ್ತು. ಊಟ ಮುಗಿಸಿ ಬಂದ ಸಹೋದ್ಯೋಗಿ ತಾನೂ ಹಾಕಿಕೊಂಡು ನೋಡಿದ. "ಬರೇ ನೆಲ ಐತಲ್ರಿ. ಮೊದ್ಲು ಉಂಡು ಬರ್ರಿ," ಎಂದ.

ಆ ಭಾನುವಾರ ಕುರುಗೋಡಿನ ಅಕ್ಕನ ಮನೆಗೆ ಹೋಗಿ ಅವ್ವನನ್ನು ಕೇಳಿದೆ. ದನಿಯ ಸುದ್ದಿ ಎತ್ತಲಿಲ್ಲ. ಅಪ್ಪ ತೀರಿಕೊಂಡ ದಿನ ಮಳೆ ಬಂದಿತ್ತೇ ಎಂದಷ್ಟೇ ಕೇಳಿದೆ.

"ಮುಂಜಾನಿ ನಾಕು ಹನಿ ಉದುರಿದ್ವಪ್ಪ. ಬರ್ಯಾಕ ಏಳ್ತೀನಿ ಅಂದ್ರು. ನಾನೇ ಸುಮ್ನ ಮಲಗ್ರಿ ಅಂದೆ," ಎಂದಳು ಅವ್ವ. ಅದನ್ನು ಅವಳು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಆಮೇಲೆ ಎಷ್ಟೋ ಸಲ ಆ ತಾರೀಖಿಗೆ ಹೋಗಿದ್ದೇನೆ. ಒಣ ನೆಲ, ಸದ್ದಿಲ್ಲ. ಅಂದು ನಡೆದದ್ದೇನೆಂದು ನನಗೆ ಇಂದಿಗೂ ಬಗೆಹರಿದಿಲ್ಲ. ಆ ಸಾಲಿನಲ್ಲಿ 'ಹನಿ' ಎಂದು ತುಂಬಲು ಅರೆಗಳಿಗೆ ಸಾಕು. ತುಂಬದೆ ಬಿಟ್ಟದ್ದಕ್ಕೆ ಅಪ್ಪ ಬೈಯುತ್ತಾರೆ ಎಂಬುದೂ ಗೊತ್ತು. ಆದರೂ ಕೈ ಏಳುವುದಿಲ್ಲ. ಬರೆದುಬಿಟ್ಟರೆ, ಮತ್ತೆ ಬಂದು ಹೇಳುವುದಕ್ಕೆ ಅಪ್ಪನಿಗೆ ಏನು ಉಳಿಯುತ್ತದೆ?