ಹಾಡು ನಿಲ್ಲಬಾರದ್ರಿ

ಗಚ್ಚಿಬೌಲಿಯಲ್ಲಿ ಐಟಿ ಕಟ್ಟಡಗಳು ಏಳುತ್ತಿದ್ದ ಕಾಲ. ಊರಾಚೆ ನನ್ನ ಸಹೋದ್ಯೋಗಿಯ ಮನೆಯವರದೊಂದು ಪುಟ್ಟ ವೈನರಿ. ದ್ರಾಕ್ಷಿ ಕೊಯ್ಲಿನ ಭಾನುವಾರಗಳಲ್ಲಿ ನಾವೂ ಕತ್ತರಿ ಹಿಡಿದು ಹೋಗುತ್ತಿದ್ದೆವು. ಕೊಯ್ಲಿನ ಉಸ್ತುವಾರಿ ಬೀದರ್ ಕಡೆಯ ಒಬ್ಬ ಅಕ್ಕನದು. ಒಂದು ಭಾನುವಾರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸಾಲುಗಳ ನಡುವೆ ಓಡಾಡುತ್ತಾ, ತಾವೂ ಹಾಡುತ್ತಾ, ಅವರು ಹೇಳುತ್ತಿದ್ದುದು ಒಂದೇ ಮಾತು: "ಹಾಡು ನಿಲ್ಲಬಾರದ್ರಿ."

ಎಂಥ ಜಾನಪದ ಎಂದು ನಾನು ಭಕ್ತಿಯಿಂದ ರೆಕಾರ್ಡ್ ಮಾಡಿಕೊಂಡೆ.

"ಈ ಪದ್ಧತಿ ಎಷ್ಟು ಹಳೇದಕ್ಕಾ?"

"ಹೋದ ಐತಾರ ಸುರು ಆತ್ರಿ. ನಿಮ್ಮ ಬುಟ್ಟಿ ಅರ್ಧಾನೂ ತುಂಬಿರಲಿಲ್ಲ. ಬಾಯಾಗ ಹಾಡು ಇದ್ರ ಹಣ್ಣು ಹೋಗಂಗಿಲ್ಲ."

ನಾಚಿಕೆಯಿಂದ ಇನ್ನಷ್ಟು ಜೋರಾಗಿ ಹಾಡಿದೆವು. ಸ್ವಲ್ಪ ಹೊತ್ತಿಗೆ ಪಕ್ಕದ ಸಾಲಿನಲ್ಲಿ ಅಕ್ಕನ ದನಿ ಮಾತ್ರ ನಿಂತಿತು. ಇಣುಕಿ ನೋಡಿದೆ. ಕೆನ್ನೆ ಉಬ್ಬಿತ್ತು. ಹಾಡುತ್ತಿರು ಎಂದು ನನಗೆ ಕೈಸನ್ನೆ ಮಾಡಿದರು.