ಬ್ರೇಕಕ್ಕ ಕೇಳಿದ ಪ್ರಶ್ನೆ

ವಿಮಾನ ಹಾರಿಸಲು ಕಲಿಯುವ ಹುಡುಗರು ಅವಳಿಗೆ ಇಟ್ಟ ಹೆಸರು ಬ್ರೇಕಕ್ಕ. ದೊಡ್ಡ ದುಂಡು ಕೋಣೆ, ನಡುವೆ ಉದ್ದನೆಯ ಕಬ್ಬಿಣದ ತೋಳು. ಅದರ ತುದಿಯ ಗೂಡಿನಲ್ಲಿ ಹುಡುಗನನ್ನು ಕಟ್ಟಿ ಕೂರಿಸಿ ಗಿರಗಿರ ತಿರುಗಿಸಿದರೆ ಅವನ ಮೈ ಏಳು ಪಟ್ಟು ಭಾರವಾಗುತ್ತದೆ. ಗಾಜಿನಾಚೆ ಕೂತು ತಿರುಗಿಸುವವಳೂ ಅವಳೇ, ಮೇಜಿನ ಕೆಳಗಿನ ಹಿಡಿ ಎಳೆದು ನಿಲ್ಲಿಸುವವಳೂ ಅವಳೇ. "ಈ ಅಕ್ಕ ಸೀನಿದ್ರೂ ಬ್ರೇಕ್ ಹಾಕ್ತಾಳೆ" ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಪರದೆ ನೋಡುತ್ತಿದ್ದವಳು ಅವಳು ತಾನೇ!

ಪರದೆಯ ಮೇಲೆ ಶ್ವಾಸಕೋಶ ಕಾಣುತ್ತಿತ್ತು, ರಕ್ತ ಹರಿದಲ್ಲೆಲ್ಲ ಕೆಂಪು. ವೇಗ ಏರಿದಂತೆ ಆ ಕೆಂಪು ಕೆಳಕ್ಕೆ ಜಾರುತ್ತದೆ. ಮೇಲಿನ ಭಾಗಕ್ಕೆ ಗಾಳಿ ಬರುತ್ತದೆ, ಅದನ್ನು ಒಯ್ಯಲು ರಕ್ತವಿಲ್ಲ. ಕೆಳಗೆ ರಕ್ತ ತುಂಬಿರುತ್ತದೆ, ಅಲ್ಲಿ ಗಾಳಿಯ ದಾರಿಗಳು ಅದುಮಿ ಮುಚ್ಚಿಹೋಗಿರುತ್ತವೆ. ಸ್ಪೀಕರಿನಲ್ಲಿ ಮಾತ್ರ ಉಸಿರು ಚೆನ್ನಾಗಿಯೇ ಕೇಳುತ್ತದೆ. ಬರುತ್ತದೆ, ಹೋಗುತ್ತದೆ, ಪ್ರಯೋಜನವಿಲ್ಲ. ಎಷ್ಟು ವರ್ಷವಾದರೂ ಆ ಸದ್ದಿಗೆ ಅವಳ ಮೈ ಜುಮ್ಮೆನ್ನುವುದು ತಪ್ಪಲಿಲ್ಲ.

ಒಂದು ದಿನ ಆ ಗೂಡಿಗೆ ಅವಳ ತಮ್ಮನೇ ಬಂದ. ಒಮ್ಮೆ ಫೇಲಾಗಿದ್ದ, ಇದು ಕೊನೆಯ ಅವಕಾಶ. ತನ್ನ ಜಾಗದಲ್ಲಿ ಬೇರೆಯವರು ಕೂರಲಿ ಎಂದಳು. ರಜೆಯ ಕಾಲ, ಯಾರೂ ಇರಲಿಲ್ಲ.

"ಅಕ್ಕ, ನಿನ್ನ ದಮ್ಮಯ್ಯ, ಬ್ರೇಕ್ ಹಾಕ್ಬೇಡ. ಆರಾಮಾಗಿದೀನಿ ಅಂತ ಹೇಳ್ತಾನೇ ಇರ್ತೀನಿ."

"ಹೇಳೋದು ನೀನೇ ಆಗಿದ್ರೆ ಹಾಕಲ್ಲ ಕಣೋ" ಎಂದು ನಕ್ಕಳು.

ತೋಳು ತಿರುಗಿತು. ಕೆಂಪು ಜಾರಿತು.

"ಆರಾಮಾಗಿದೀನಿ ಅಕ್ಕ." ಮತ್ತೆ, "ಆರಾಮಾಗಿದೀನಿ ಅಕ್ಕ."

ಪರೀಕ್ಷೆ ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು. ಕ್ಯಾಮೆರಾದಲ್ಲಿ ಅವನ ಕಣ್ಣು ಅರೆ ತೆರೆದಿತ್ತು, ನೋಟವಿರಲಿಲ್ಲ. ದನಿ ಮಾತ್ರ ಅದೇ, ಒಂದಿಷ್ಟೂ ಏರಿಳಿತವಿಲ್ಲ. ಅವಳು ಮೈಕಿನತ್ತ ಬಾಗಿದಳು.

"ಲೋ, ಅಮ್ಮ ನಿನ್ನ ಏನಂತ ಕರೀತಾಳೆ?"

"ಆರಾಮಾಗಿದೀನಿ ಅಕ್ಕ."

ಹಿಡಿ ಎಳೆದೇಬಿಟ್ಟಳು.

ಇಳಿದ ಮೇಲೆ ಅವನಿಗೆ ತಾನು ಮಾತಾಡಿದ್ದೇ ನೆನಪಿರಲಿಲ್ಲ. ಡಾಕ್ಟರು ಎಲ್ಲ ನೋಡಿ, ಏನೂ ಆಗಿಲ್ಲ ಎಂದರು. ವಿಮಾನದ ಆಸೆ ಅಲ್ಲಿಗೇ ಮುಗಿಯಿತು. ಎಳೆದದ್ದಕ್ಕೆ ಅವಳಿಗೆ ಬೇಸರವಿಲ್ಲ, ಆದರೂ ಅವನ ಮುಖ ನೋಡಿದರೆ ಕರುಳು ಚುರ್ರೆನ್ನುತ್ತದೆ.

ಈಗಲೂ ಇಬ್ಬರೂ ಒಂದೇ ಮೇಜಿಗೆ ಊಟಕ್ಕೆ ಕೂರುತ್ತಾರೆ. ಎದುರಿಗೆ ಅವನ ಉಸಿರು ಬರುತ್ತದೆ, ಹೋಗುತ್ತದೆ.

"ಇನ್ನೊಂಚೂರು ಬಡಿಸ್ಲೇನೋ?"

"ಆರಾಮಾಗಿದೀನಿ ಅಕ್ಕ."

ಅದೇ ದನಿ. ಅವಳ ಕೈ ತಾನಾಗಿಯೇ ಮೇಜಿನ ಕೆಳಗೆ ತಡಕಾಡುತ್ತದೆ. ಪಾಪ, ಮನೆಯಲ್ಲಿ ಎಳೆಯಲು ಯಾವ ಹಿಡಿಯಿದೆ?