ಪೂಜೆಗೆ ಕೂತ ಕೆಂಪು ಸಿಲಿಂಡರ್

ಮರಾಠಿ ನಾಡಿನ ಖರಾಡಿಯಲ್ಲಿ ಆಫೀಸು ಕಟ್ಟಡಗಳು ಏಳುವ ಮೊದಲು ಆ ನೆಲವನ್ನು ಮಟ್ಟ ಮಾಡಿದವರಲ್ಲಿ ನಾನೂ ಒಬ್ಬ. ಎರಡು ವರ್ಷ ಮಣ್ಣು ಹೊತ್ತ ಮೇಲೆ ಬುಲ್ಡೋಜರಿನ ಸೀಟು ಸಿಕ್ಕಿತ್ತು. ಅಲ್ಲಿ ಕೂತು ನೋಡಿದರೆ ಇಂಜಿನಿಯರುಗಳೆಲ್ಲ ಕುಳ್ಳರು! ಯಂತ್ರಕ್ಕೆ ಬೆಂಕಿ ಬಿದ್ದರೆ ಸೀಟು ಹೋಯಿತೆಂದೇ ತಿಳಿ ಎಂದು ಮಾಲಕರು ಮೊದಲ ದಿನವೇ ಹೇಳಿದ್ದರು.

ಯಂತ್ರ ರಿಪೇರಿ ಮಾಡುವ ನಮ್ಮ ಮಿಸ್ತ್ರಿ ಯಾದಗಿರಿ ಕಡೆಯವರು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಅವರದು ದಿನಾ ಒಂದೇ ರಾಗ: "ಚಾಲೂ ಮಾಡೂಕಿಂತ ಮೊದಲ ಇಂಜಿನ್ ಕೆಳಗ ನೋಡಲೇ ತಮ್ಮಾ. ಒಣಾ ಹುಲ್ಲು, ಎಣ್ಣಿ ಚಿಂದಿ ಏನೂ ಇರಬಾರದು."

"ಹೂಂರಿ ಕಾಕಾ" ಎನ್ನುತ್ತಿದ್ದೆ. ನೋಡುತ್ತಿರಲಿಲ್ಲ.

ಖಂಡೆ ಪೂಜೆ, ಅಂದರೆ ಆಯುಧಪೂಜೆಯ ದಿನ ಅರ್ಧ ದಿನ ಕೆಲಸ ಮಾಡಿ, ಇಂಜಿನ್ ಇನ್ನೂ ಕಾದಿರುವಾಗಲೇ ಯಂತ್ರಕ್ಕೆ ಡೀಸೆಲ್ ಹಚ್ಚಿ ಮುಖ ಕಾಣುವಂತೆ ಒರೆಸಿದೆ. ಮಾಲಕರ ಕಾರು ಬಂದೇಬಿಟ್ಟಿತು. ಒದ್ದೆ ಚಿಂದಿಯನ್ನು ಇಂಜಿನ್ ಪಕ್ಕದ ಸಂದಿಗೆ ತುರುಕಿದೆ. ಯಂತ್ರದ ಹೊಟ್ಟೆಯೊಳಗೆ ಯಾರು ಇಣುಕುತ್ತಾರೆ?

ಕಾಕಾ ಪಾನಾ, ಜಾಕು, ಹಾರೆ ಎಲ್ಲ ಸಾಲಾಗಿ ಇಟ್ಟು ಕುಂಕುಮ ಹಚ್ಚಿದರು. ಅದೂ ಆಯುಧವೇ ತಾನೆ ಎಂದು ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನೂ ನನ್ನ ಕ್ಯಾಬಿನ್ನಿಂದ ತಂದು ನಡುವೆ ಕೂರಿಸಿ ಚೆಂಡುಹೂವಿನ ಮಾಲೆ ಹಾಕಿದರು. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ನಮ್ಮವರು ಮುಟ್ಟುವುದಿಲ್ಲ. ಇನ್ನು ಬುಲ್ಡೋಜರ್ ನಿಂಬೆಹಣ್ಣು ತುಳಿದು ಮುಂದೆ ಹೋಗುವುದೊಂದೇ ಬಾಕಿ. ನಾನು ಹತ್ತಿ ಇಂಜಿನ್ ಚಾಲೂ ಮಾಡಿ, ಆರತಿ ಮುಗಿಯಲೆಂದು ಕಾದೆ.

ಪಕ್ಕದಿಂದ ಹೊಗೆ ಬಂತು. ಮಾಲಕರು ಧೂಪವೆಂದುಕೊಂಡು ಕಣ್ಣು ಮುಚ್ಚಿ ಕೈ ಮುಗಿದರು. ಅದು ಯಾವ ಧೂಪವೆಂದು ನನಗೊಬ್ಬನಿಗೇ ಗೊತ್ತು. ಬಾಯಿ ಬಿಟ್ಟರೆ ಸೀಟು ಹೋಗುತ್ತದೆ. ತಾನಾಗಿ ಆರಲಿ ದೇವರೇ ಎಂದು ನಾನೂ ಕೈ ಮುಗಿದೆ. ನೆನೆದರೆ ಈಗಲೂ ನಾಚಿಕೆ. ದೇವರು ಉರಿ ತೋರಿಸಿದ. ಇಂಜಿನ್ ಬಂದ್ ಮಾಡಿ, "ಬೆಂಕಿ!" ಎಂದು ಜಿಗಿದೆ.

ಸಿಲಿಂಡರಿನ ಹತ್ತಿರ ಓಡಿದ ಕಾಕಾ ಗಕ್ಕನೆ ನಿಂತರು. "ನಾಳಿತನಕ ಮುಟ್ಟಬಾರದಲೇ!"

"ನಾಳಿತನಕ ಏನ್ ಉಳಿತದ್ರಿ ಕಾಕಾ?" ಎಂದು ಮಾಲೆಯ ಸಮೇತ ಎತ್ತಿ ಒತ್ತಿಯೇಬಿಟ್ಟೆ. ಬೆಂಕಿ ಆರಿತು. ಪೇಢೆ, ಕಾಯಿ, ಮಾಲಕರ ಹೊಸ ಸಫಾರಿ ಸೂಟು ಎಲ್ಲ ಬಿಳಿ ಪುಡಿ. ಅವರು ಹಿಟ್ಟಿನ ಗಿರಣಿಯಿಂದ ಬಂದವರ ಹಾಗಿದ್ದರು.

"ಶಾಬ್ಬಾಸ್!" ಎಂದು ಮಾಲಕರು ನನ್ನ ಬೆನ್ನು ತಟ್ಟಿದರು. ಅಷ್ಟರಲ್ಲಿ ಕಾಕಾ ಸಂದಿಯಿಂದ ಅರೆಸುಟ್ಟ ಚಿಂದಿ ಎಳೆದು ನನ್ನನ್ನೇ ನೋಡಿದರು. ಚಿಂದಿ ಇಟ್ಟವನು ನಾನೇ ಎಂದು ಮಾಲಕರಿಗೆ ಮರಾಠಿಯಲ್ಲಿ ಹೇಳಿದೆ. ಬೆನ್ನ ಮೇಲಿನ ಕೈ ಮೆಲ್ಲಗೆ ಸರಿಯಿತು.

ಒಂದು ತಿಂಗಳು ಸೀಟು ಹೋಯಿತು. ದೌಂಡ್ ಊರಿನ ಹೊಸಬನೊಬ್ಬ ಅಲ್ಲಿ ಕೂತ. ಅವನು ಚಾಲೂ ಮಾಡುವ ಮೊದಲು ದಿನಾ ಬೆಳಿಗ್ಗೆ ನಾನು ಅಂಗಾತ ಮಲಗಿ ಇಂಜಿನ್ ಕೆಳಗೆಲ್ಲ ಕೈಯಾಡಿಸುತ್ತಿದ್ದೆ. ಒಂದು ಹುಲ್ಲುಕಡ್ಡಿಯನ್ನೂ ಬಿಡುತ್ತಿರಲಿಲ್ಲ. ಮೇಲೆ ಒಬ್ಬ ಮನುಷ್ಯ ಕೂತಿರುತ್ತಾನಲ್ಲ. ನಾನೇ ಕೂತಿದ್ದಾಗ ಅದು ಹೊಳೆದಿರಲೇ ಇಲ್ಲ.